ಗೆಣಸು ಅಗೆದವರ ಲೆಕ್ಕ

2020ರ ಜೂನ್ 16ರಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಒಂದು ಸುದ್ದಿಯನ್ನು ಪ್ರಕಟಿಸಿದರು. ಕೊರೋನಾ ಪೀಡಿತರಾಗಿ ಉಸಿರಾಟದ ಯಂತ್ರಕ್ಕೆ ಒಳಪಟ್ಟ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಮಿನಂತೆ ಹತ್ತು ದಿನಗಳವರೆಗೆ ಡೆಕ್ಸಾಮೆಥಸೋನ್ ಕೊಟ್ಟಾಗ ಸಾವಿನ ಪ್ರಮಾಣವು ಮೂರರಲ್ಲಿ ಒಂದು ಪಾಲು ತಗ್ಗಿತ್ತು. ಆಮ್ಲಜನಕವನ್ನಷ್ಟೇ ಪಡೆಯುತ್ತಿದ್ದವರಲ್ಲಿ ಐದರಲ್ಲಿ ಒಂದು ಪಾಲು ತಗ್ಗಿತ್ತು. ಅದು ಹೊಸದಾಗಿ ಕಂಡುಹಿಡಿದ ಔಷಧವೇನಲ್ಲ. ಹುಬ್ಬಳ್ಳಿಯ ಯಾವುದೇ ಔಷಧದ ಅಂಗಡಿಯಲ್ಲಿ ಅತಿ ಕಡಿಮೆ ಬೆಲೆಗೆ ದೊರೆಯುವ ಹಳೆಯ ಗುಳಿಗೆ. ಜನರ ಬಾಯಲ್ಲಿ ಇಂದಿಗೂ ಕಿಮ್ಸ್ ಎಂದೇ ಉಳಿದಿರುವ ಹುಬ್ಬಳ್ಳಿಯ ಸರಕಾರಿ ಆಸ್ಪತ್ರೆಗೆ ಕಲಘಟಗಿ, ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಡೆಯಿಂದ ರೋಗಿಗಳು ಬರುವುದು ಹಿಂದಿನಿಂದಲೂ ನಡೆದುಬಂದಿದೆ. ಮಹಾಮಾರಿಯ ದಿನಗಳಲ್ಲಿ ಬಂದವರ ಪಾಲಿಗೆ ಈ ಅಗ್ಗದ ಗುಳಿಗೆ ಸಂಜೀವಿನಿಯಾಯಿತು. ಮರುವರ್ಷದ ಬೇಸಿಗೆಯಲ್ಲಿ ಅದೇ ಆಸ್ಪತ್ರೆಯಲ್ಲಿ ಕಪ್ಪು ಶಿಲೀಂಧ್ರದ ರೋಗಿಗಳಿಗಾಗಿ ಪ್ರತ್ಯೇಕ ವಾರ್ಡು ತೆರೆಯಬೇಕಾಗಿ ಬಂದಾಗ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯ ಜೊತೆಗೆ ಅಳತೆ ಮೀರಿ ಬಳಸಿದ ಸ್ಟೀರಾಯ್ಡ್ ಕೂಡ ಅದಕ್ಕೆ ಕಾರಣವೆಂದು ವೈದ್ಯರೇ ಎಚ್ಚರಿಸಿದರು.

ಒಂದು ವರ್ಷದೊಳಗೆ ಎರಡು ಮುಖ ತೋರಿದ ಈ ಔಷಧವನ್ನು ನುಂಗಿದವರಲ್ಲಿ ಎಷ್ಟು ಮಂದಿಗೆ ಅದರ ಮೂಲ ಗೊತ್ತಿತ್ತು? ಮೂಲವೆಂದರೆ ಇಲ್ಲಿ ಅಕ್ಷರಶಃ ಬೇರು ಎಂದೇ ಅರ್ಥ. ಆಸ್ತಮಾಕ್ಕೆ ಕೊಡುವ ಪ್ರೆಡ್ನಿಸೋಲೋನ್, ಚರ್ಮಕ್ಕೆ ಹಚ್ಚುವ ಬೀಟಾಮೆಥಸೋನ್ ಮುಲಾಮು, ಕುಟುಂಬ ಯೋಜನೆಯ ಗುಳಿಗೆ, ಗರ್ಭ ನಿಲ್ಲಲೆಂದು ಕೊಡುವ ಪ್ರೊಜೆಸ್ಟೆರೋನ್ ಇವೆಲ್ಲ ಒಂದೇ ಮನೆತನಕ್ಕೆ ಸೇರಿದವು. ಈ ಮನೆತನವನ್ನು ಬಡವರ ಕೈಗೆಟಕುವಂತೆ ಮಾಡಿದ್ದು ಗುಡ್ಡಗಾಡಿನ ಒಂದು ಕಾಡುಗೆಣಸು. ಆ ಗೆಣಸನ್ನು ಅಗೆದವರಿಗೆ ದೊರೆತದ್ದೇನು ಎಂಬ ಲೆಕ್ಕ ಘಟ್ಟದ ಜನರಿಗೆ ಗೊತ್ತಿರಬೇಕು. ಏಕೆಂದರೆ ಅದೇ ಲೆಕ್ಕದ ಮುಂದಿನ ಪುಟಗಳು ಸಹ್ಯಾದ್ರಿಯ ಕಾಡಿನಲ್ಲಿಯೇ ಬರೆಯಲ್ಪಟ್ಟಿವೆ.

ಸ್ಟೀರಾಯ್ಡ್ ಎಂದರೆ ಇಂಗಾಲದ ನಾಲ್ಕು ಉಂಗುರಗಳು ಒಂದಕ್ಕೊಂದು ಬೆಸೆದುಕೊಂಡ ಅಣು. ಮೂರು ಉಂಗುರಗಳಿಗೆ ಆರಾರು ಮೂಲೆ, ಕೊನೆಯದಕ್ಕೆ ಐದು. ಮನುಷ್ಯನ ದೇಹವು ಕೊಲೆಸ್ಟೆರಾಲಿನಿಂದ ಇಂತಹ ಅಣುಗಳನ್ನು ತಾನೇ ಕಟ್ಟಿಕೊಂಡು, ಉರಿಯೂತವನ್ನು ತಗ್ಗಿಸುವುದು, ಉಪ್ಪಿನಂಶವನ್ನು ಕಾಯ್ದುಕೊಳ್ಳುವುದು, ಬಸಿರನ್ನು ಕಾಪಾಡುವುದು ಮೊದಲಾದ ಕೆಲಸಗಳಿಗೆ ಬಳಸುತ್ತದೆ. ಇವನ್ನು ಔಷಧವಾಗಿ ಹೊರಗಿನಿಂದ ಕೊಡಬಹುದೆಂದು ತಿಳಿದಾಗ ತಯಾರಿಕೆಯೇ ದೊಡ್ಡ ಸಮಸ್ಯೆಯಾಯಿತು. 1934ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು ಐವತ್ತು ಸಾವಿರ ಹಂದಿಗಳ ಅಂಡಾಶಯಗಳನ್ನು ಸಂಸ್ಕರಿಸಿ ಪಡೆದ ಪ್ರೊಜೆಸ್ಟೆರೋನ್ 20 ಮಿಲಿಗ್ರಾಂ ಮಾತ್ರ, ಅಂದರೆ ಒಂದು ಚಿಟಿಕೆಗೂ ಕಡಿಮೆ. ಇಂತಹ ಔಷಧ ಶ್ರೀಮಂತರಿಗೂ ದುಬಾರಿಯೇ. ಪ್ರಾಣಿಯ ಬದಲು ಸಸ್ಯದಲ್ಲಿ ಆ ನಾಲ್ಕು ಉಂಗುರಗಳ ಚೌಕಟ್ಟು ಸಿದ್ಧವಾಗಿ ದೊರೆತರೆ? ಈ ಪ್ರಶ್ನೆಯ ಬೆನ್ನು ಹತ್ತಿದವನು ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿನ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್.

ನೀರಿನಲ್ಲಿ ಕಿವುಚಿದರೆ ನೊರೆ ಬರುವ ಕಾಯಿಗಳು, ಬೇರುಗಳು ಮಲೆನಾಡಿನವರಿಗೆ ಹೊಸವಲ್ಲ. ಹೊಳೆಯ ಮಡುವಿನಲ್ಲಿ ಕಾರೆಕಾಯಿಯನ್ನು ಜಜ್ಜಿ ಹಾಕಿ ಮೀನಿಗೆ ಅಮಲು ಬರಿಸುವ ಪದ್ಧತಿಯನ್ನು ಹಿರಿಯರು ಬಲ್ಲರು. ಆ ನೊರೆಗೆ ಕಾರಣವಾದ ವಸ್ತುಗಳಿಗೆ ಸಪೋನಿನ್ ಎಂದು ಹೆಸರು. ಕೆಲವು ಸಸ್ಯಗಳ ಸಪೋನಿನ್ನಿನೊಳಗೆ ಸ್ಟೀರಾಯ್ಡಿನ ಚೌಕಟ್ಟು ಅಡಗಿರುತ್ತದೆ. ಆಮ್ಲದಲ್ಲಿ ಕುದಿಸಿದರೆ ಸಕ್ಕರೆಯ ಭಾಗ ಕಳಚಿಕೊಂಡು ಆ ಚೌಕಟ್ಟು ಬೇರೆಯಾಗುತ್ತದೆ. ಕಾಡುಗೆಣಸಿನ ಕುಲದಿಂದ ಹೀಗೆ ದೊರೆಯುವ ಮುಖ್ಯ ವಸ್ತುವೇ ಡಯಾಸ್ಜೆನಿನ್. ಮೆಕ್ಸಿಕೋದ ಗುಡ್ಡಗಾಡಿನ ಜನರೂ ಅಲ್ಲಿಯ ಬಾರ್ಬಾಸ್ಕೋ ಎಂಬ ಗೆಣಸನ್ನು ಅರೆದು ಮೀನು ಹಿಡಿಯುತ್ತಿದ್ದರು. ಮಾರ್ಕರನಿಗಿಂತ ಎಷ್ಟೋ ತಲೆಮಾರು ಮೊದಲೇ ಅವರಿಗೆ ಆ ಗೆಡ್ಡೆಯ ಕಸುವು ಗೊತ್ತಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಮಾರ್ಕರ್ ಸಸ್ಯಶಾಸ್ತ್ರದ ಪುಸ್ತಕವೊಂದರಲ್ಲಿ ಭಾರಿ ಗೆಡ್ಡೆಯ ಚಿತ್ರವನ್ನು ಕಂಡು, ಯುದ್ಧಕಾಲದ ಅಡೆತಡೆಗಳ ನಡುವೆಯೇ 1942ರ ಜನವರಿಯಲ್ಲಿ ಮೆಕ್ಸಿಕೋದ ವೆರಾಕ್ರೂಜ್ ಪ್ರಾಂತಕ್ಕೆ ಹೋದ. ಅವನಿಗೆ ಸ್ಪ್ಯಾನಿಷ್ ಬಾರದು. ರಸ್ತೆ ಬದಿಯ ಅಂಗಡಿಕಾರ ಆಲ್ಬರ್ಟೊ ಮೊರೆನೊ ಗೆಣಸು ತರಿಸಿಕೊಟ್ಟ. ಚೀಲ ಬಸ್ಸಿನಿಂದ ಕಳುವಾದಾಗ ಒಬ್ಬ ಪೋಲೀಸಿನವನಿಗೆ ಲಂಚ ಕೊಟ್ಟು ಅದನ್ನು ಮರಳಿ ಪಡೆದನಂತೆ. ದೊಡ್ಡ ಶೋಧಗಳ ಇತಿಹಾಸದಲ್ಲಿಯೂ ಇಂತಹ ಪರಿಚಿತ ಸಂಗತಿಗಳು ಇರುತ್ತವೆ. ಅಮೆರಿಕದ ಔಷಧ ಕಂಪೆನಿಗಳು ಅವನ ಮಾತಿಗೆ ಕಿವಿಗೊಡಲಿಲ್ಲ. ಮೆಕ್ಸಿಕೋದಲ್ಲಿ ಸುಮಾರು ಹತ್ತು ಟನ್ ಗೆಣಸು ಸಂಗ್ರಹಿಸಿ ಅವನು ತಯಾರಿಸಿದ ಪ್ರೊಜೆಸ್ಟೆರೋನ್ 3 ಕಿಲೋಗ್ರಾಂ. ಒಂದು ಗ್ರಾಮಿಗೆ ಎಂಬತ್ತು ಡಾಲರ್ ಬೆಲೆಯಿದ್ದ ಕಾಲವದು! 1944ರಲ್ಲಿ ಮೆಕ್ಸಿಕೋ ನಗರದಲ್ಲಿ ಸಿಂಟೆಕ್ಸ್ ಕಂಪೆನಿ ಹುಟ್ಟಿತು. ಮರುವರ್ಷವೇ ಮಾರ್ಕರ್ ಪಾಲುದಾರರೊಂದಿಗೆ ಜಗಳವಾಡಿ ಹೊರಬಿದ್ದ. ಆದರೆ ದಾರಿ ತೆರೆದುಕೊಂಡಿತ್ತು. ಹಲವು ಪಟ್ಟು ಹೆಚ್ಚು ಡಯಾಸ್ಜೆನಿನ್ ಇರುವ ಬಾರ್ಬಾಸ್ಕೋ ಗೆಣಸು ಬಳಕೆಗೆ ಬಂದಿತು. 1950ರ ದಶಕದ ಆರಂಭದ ಹೊತ್ತಿಗೆ ಪ್ರೊಜೆಸ್ಟೆರೋನಿನ ಬೆಲೆ ಗ್ರಾಮಿಗೆ ಕೆಲವೇ ಡಾಲರಿಗೆ ಕುಸಿಯಿತು.

ಆ ಹೊತ್ತಿಗೆ ಮತ್ತೆರಡು ಬೆಳವಣಿಗೆಗಳಾದವು. ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ರೋಗಿಗಳು ಕಾರ್ಟಿಸೋನ್ ಚುಚ್ಚುಮದ್ದಿನಿಂದ ಎದ್ದು ನಡೆದದ್ದನ್ನು ಅಮೆರಿಕದ ಮೇಯೋ ಆಸ್ಪತ್ರೆ ಜಗತ್ತಿಗೆ ತೋರಿಸಿತ್ತು. ಆ ಕೆಲಸಕ್ಕೆ 1950ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಕಾರ್ಟಿಸೋನನ್ನು ದನದ ಪಿತ್ತರಸದಿಂದ ಮೂವತ್ತಕ್ಕೂ ಹೆಚ್ಚು ಹಂತಗಳಲ್ಲಿ ತಯಾರಿಸಬೇಕಾಗಿತ್ತು. ಗೆಣಸಿನಿಂದ ಪಡೆದ ಪ್ರೊಜೆಸ್ಟೆರೋನಿಗೆ ರೈಜೋಪಸ್ ಎಂಬ, ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಜಾತಿಯ ಬೂಷ್ಟನ್ನು ಹಚ್ಚಿದರೆ ಆ ಹಂತಗಳಲ್ಲಿ ಬಹುಪಾಲು ತಪ್ಪುತ್ತವೆಂದು 1952ರಲ್ಲಿ ಪೀಟರ್ಸನ್ ಮತ್ತು ಮರ್ರೆ ತೋರಿಸಿಕೊಟ್ಟರು. 1951ರಲ್ಲಿ ಸಿಂಟೆಕ್ಸಿನ ಪ್ರಯೋಗಾಲಯದಲ್ಲಿ ನೊರೆಥಿಸ್ಟೆರೋನ್ ಸಿದ್ಧವಾಯಿತು. ಅದರಿಂದ ಗರ್ಭನಿರೋಧಕ ಗುಳಿಗೆ ಬಂದಿತು. ಉಸಿರುಗಟ್ಟುವ ಮಗುವಿಗೆ ಗಾಳಿ ಕೊಟ್ಟ, ಹತ್ತು ಹೆತ್ತು ಬಸವಳಿಯುತ್ತಿದ್ದ ತಾಯಿಗೆ ಬಿಡುಗಡೆ ಕೊಟ್ಟ ಔಷಧಗಳು ಇವು. ಇವನ್ನು ಹಗುರವಾಗಿ ಕಾಣುವ ಪರಿಸರವಾದಕ್ಕೆ ಅರ್ಥವಿಲ್ಲ.

ಹಾಗಾದರೆ ಅಗೆದವರು? ಮೆಕ್ಸಿಕೋದ ತಗ್ಗಿನ ಕಾಡುಗಳಲ್ಲಿ ಸಾವಿರಾರು ಬಡ ರೈತ ಕುಟುಂಬಗಳು ಬೇಸಾಯ ಸಾಲದೆ ಗೆಣಸು ಅಗೆಯಲು ಹೊರಟವು. ಅಗೆದದ್ದನ್ನು ಹಳ್ಳಿಯ ದಲ್ಲಾಳಿ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಿದ್ದ. ಅವನಿಂದ ಒಣಗಿಸುವ ಕಣಕ್ಕೆ, ಅಲ್ಲಿಂದ ಕಾರ್ಖಾನೆಗೆ. ಈ ಗೆಡ್ಡೆ ಯಾವುದಕ್ಕೆ ಹೋಗುತ್ತದೆಂದು ಬಹುಕಾಲ ಅವರಿಗೆ ತಿಳಿದಿರಲಿಲ್ಲ. ನೊರೆ ಬರುವುದರಿಂದ ಸಾಬೂನು ಮಾಡಲಿಕ್ಕೆ ಇರಬೇಕೆಂದು ನಂಬಿದವರಿದ್ದರು. ಜಗತ್ತಿನ ಸ್ಟೀರಾಯ್ಡ್ ಉದ್ಯಮದ ಬಹುಪಾಲು ಕಚ್ಚಾವಸ್ತು ತಮ್ಮ ಗುದ್ದಲಿಯಿಂದ ಹೊರಡುತ್ತಿದೆಯೆಂಬುದು ಗುದ್ದಲಿ ಹಿಡಿದವನಿಗೇ ಗೊತ್ತಿರಲಿಲ್ಲ. 1975ರಲ್ಲಿ ಮೆಕ್ಸಿಕೋ ಸರಕಾರ ಪ್ರೊಕ್ವಿವೆಮೆಕ್ಸ್ ಎಂಬ ಸರಕಾರಿ ಕಂಪೆನಿಯನ್ನು ಸ್ಥಾಪಿಸಿ, ಗೆಣಸಿಗೆ ಹೆಚ್ಚಿನ ಬೆಲೆ ಕೇಳತೊಡಗಿತು. ಅಗೆಯುವವರ ಸಂಘಗಳೂ ಎದ್ದವು. ಆದರೆ ಕಾಲ ಮಿಂಚಿತ್ತು. ಬಹುರಾಷ್ಟ್ರೀಯ ಕಂಪೆನಿಗಳು ಆಗಲೇ ಬೇರೆ ಕಚ್ಚಾವಸ್ತುವಿನತ್ತ ಹೊರಳುತ್ತಿದ್ದವು. ಬೆಲೆ ಕೇಳುವ ತಿಳಿವಳಿಕೆ ಬರುವಷ್ಟರಲ್ಲಿ ಕೊಳ್ಳುವವನೇ ಹೊರಟುಹೋಗಿದ್ದ.

ಭಾರತದಲ್ಲಿ ಈ ಕಥೆ ಹಿಮಾಲಯದಲ್ಲಿ ನಡೆಯಿತು. ಕಾಶ್ಮೀರದಿಂದ ಪೂರ್ವಕ್ಕೆ ಹಬ್ಬಿದ ಡಯಾಸ್ಕೋರಿಯಾ ಡೆಲ್ಟಾಯಿಡಿಯಾ ಎಂಬ ಗೆಣಸಿನಲ್ಲಿ ಡಯಾಸ್ಜೆನಿನ್ ಹೇರಳವಾಗಿತ್ತು. ಅದರ ಗೆಡ್ಡೆ ಬಲಿಯುವುದು ಬಲು ನಿಧಾನ. ಅಗೆಯುವುದಕ್ಕೆ ಅರ್ಧ ಗಳಿಗೆ ಸಾಕು. ಔಷಧ ಕಂಪೆನಿಗಳ ಬೇಡಿಕೆಗೆ ಕಾಡು ಬರಿದಾಗತೊಡಗಿ, 1975ರಲ್ಲಿಯೇ ಈ ಸಸ್ಯವನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಬೇಕಾಯಿತು. ಕರ್ನಾಟಕ ಕೊಟ್ಟ ಉತ್ತರ ಬೇರೆಯಾಗಿತ್ತು. ಬೆಂಗಳೂರು ಹೊರವಲಯದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನ ಸಂಸ್ಥೆಯು ಮಧ್ಯ ಅಮೆರಿಕದ ಫ್ಲೋರಿಬುಂಡಾ ಗೆಣಸನ್ನು ಹೊಲದಲ್ಲಿ ಬೆಳೆಯುವ ಕ್ರಮವನ್ನು ರೂಪಿಸಿ, ಅರ್ಕಾ ಉಪಕಾರ್ ಮೊದಲಾದ ತಳಿಗಳನ್ನು ಬಿಡುಗಡೆ ಮಾಡಿತು. ಡಯಾಸ್ಜೆನಿನ್ನಿಗೆ ಬದಲಿಯಾಗಬಲ್ಲ ಸೊಲಸೋಡಿನ್ ಪಡೆಯಲೆಂದು ಮುಳ್ಳುಬದನೆಯ ಜಾತಿಯೊಂದರಲ್ಲಿಯೂ ತಳಿಗಳನ್ನು ತಂದಿತು. ಕಾಡನ್ನು ಅಗೆಯದೆ ಹೊಲದಲ್ಲಿ ಬೆಳೆಯುವ ಈ ವಿಚಾರ ಸರಿಯಾದದ್ದೇ. ಆದರೆ ಬಳ್ಳಿಗೆ ಆಸರೆ ಕಟ್ಟಿ ಎರಡು ವರ್ಷ ಕಾಯುವ ರೈತನಿಗೆ ಎರಡು ವರ್ಷದ ಅನಂತರವೂ ಕೊಳ್ಳುವವನು ಇದ್ದಾನೆಂಬ ಭರವಸೆ ಬೇಕು. ಆ ಭರವಸೆಯನ್ನು ಕೊಡಲು ಯಾರೂ ಮುಂದೆ ಬರಲಿಲ್ಲವಾದ್ದರಿಂದ, ಈ ಗೆಣಸು ಕರ್ನಾಟಕದ ಬೆಳೆಗಳ ಸಾಲಿಗೆ ಸೇರಲೇ ಇಲ್ಲ.

ಉದ್ಯಮ ಹೊರಳಿದ್ದು ಸೋಯಾ ಅವರೆಯ ಕಡೆಗೆ. ಸೋಯಾ ಎಣ್ಣೆಯನ್ನು ಶುದ್ಧೀಕರಿಸುವಾಗ ಉಳಿಯುವ ಜಿಡ್ಡಿನಲ್ಲಿ ಸ್ಟೀರಾಯ್ಡಿನ ಚೌಕಟ್ಟನ್ನೇ ಹೊತ್ತ ಸಸ್ಯ ಸ್ಟೆರಾಲುಗಳಿರುತ್ತವೆ. ಅವುಗಳ ಬಾಲವನ್ನು ತುಂಡರಿಸುವ ಸೂಕ್ಷ್ಮಜೀವಿಗಳು 1970ರ ದಶಕದಲ್ಲಿ ಕೈವಶವಾದ ಮೇಲೆ, ದೊಡ್ಡ ಹುದುಗು ತೊಟ್ಟಿಗಳಲ್ಲಿ ಸ್ಟೀರಾಯ್ಡ್ ಔಷಧದ ಮಧ್ಯಂತರ ವಸ್ತುಗಳು ತಯಾರಾಗತೊಡಗಿದವು. ಇಂದು ಧಾರವಾಡ, ಕಲಘಟಗಿ ತಾಲ್ಲೂಕುಗಳ ಮುಂಗಾರಿನ ಹೊಲಗಳಲ್ಲಿ ಎಲ್ಲೆಡೆ ಕಾಣುವ ಬೆಳೆ ಸೋಯಾ. ತುಕ್ಕುರೋಗವನ್ನು ತಡೆಯುವ ತಳಿಯನ್ನು ಕೊಟ್ಟದ್ದೂ ಧಾರವಾಡದ ಕೃಷಿ ವಿಶ್ವವಿದ್ಯಾಲಯವೇ. ಆಸ್ಪತ್ರೆಯ ಗುಳಿಗೆಯೊಳಗಿನ ಚೌಕಟ್ಟು ಹುಬ್ಬಳ್ಳಿಯ ಮಾರುಕಟ್ಟೆಗೆ ಚೀಲದಲ್ಲಿ ಬರುವ ಕಾಳಿನಲ್ಲಿಯೂ ಇದೆ ಎಂಬುದು ವಿದ್ಯಾರ್ಥಿಗಳಿಗಾದರೂ ಕುತೂಹಲದ ಸಂಗತಿಯಾಗಬೇಕು. ಬದುವಿನ ಕತ್ತಾಳೆಯೂ ಈ ನಂಟಿಗೆ ಹೊರತಲ್ಲ. ಪೂರ್ವ ಆಫ್ರಿಕದಲ್ಲಿ ಕತ್ತಾಳೆಯ ನಾರು ತೆಗೆದ ಮೇಲೆ ಚೆಲ್ಲುತ್ತಿದ್ದ ರಸದಿಂದ ಹೆಕೊಜೆನಿನ್ ಪಡೆದು ಬ್ರಿಟನ್ನಿನ ಕಂಪೆನಿ ಸ್ಟೀರಾಯ್ಡ್ ತಯಾರಿಸಿದ್ದುಂಟು. ಅಡುಗೆಮನೆಯ ಮೆಂತ್ಯದಲ್ಲಿ ಅಲ್ಪಸ್ವಲ್ಪ ಡಯಾಸ್ಜೆನಿನ್ ಇದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಮೆಂತ್ಯ ತಿಂದರೆ, ಗೆಣಸು ತಿಂದರೆ ದೇಹದಲ್ಲಿ ಹಾರ್ಮೋನು ಉಂಟಾಗುತ್ತದೆಂಬುದು ಸುಳ್ಳು. ಡಯಾಸ್ಜೆನಿನ್ನನ್ನು ಪ್ರೊಜೆಸ್ಟೆರೋನ್ ಆಗಿ ಪರಿವರ್ತಿಸುವ ಕಿಣ್ವ ಮನುಷ್ಯನ ದೇಹದಲ್ಲಿಲ್ಲ. ಆ ಕೆಲಸ ಪ್ರಯೋಗಾಲಯದ್ದು. ಕಾಡುಗೆಣಸಿನ ಹೆಸರಿನಲ್ಲಿ ಮಾರುವ ದುಬಾರಿ ಮುಲಾಮುಗಳ ಮಾತು ಬರಿಯ ಮಾತು. ಇದಕ್ಕೆ ವ್ಯತಿರಿಕ್ತವಾದ ಮೋಸ ಇನ್ನೂ ಅಪಾಯಕಾರಿ. ಸಂದುನೋವಿಗೆ, ದಮ್ಮಿಗೆ ಬೇರುಮದ್ದು ಎಂದು ಸಂತೆಯಲ್ಲಿ ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಕಾರ್ಖಾನೆಯ ಸ್ಟೀರಾಯ್ಡ್ ಬೆರೆಸಿದ್ದು ದೇಶದ ಹಲವೆಡೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ. ಎರಡೇ ದಿನದಲ್ಲಿ ನೋವು ಮಾಯವಾದರೆ, ತಿಂಗಳೊಪ್ಪತ್ತಿನಲ್ಲಿ ಮುಖ ಊದಿಕೊಂಡರೆ ಸಂಶಯ ಪಡಲೇಬೇಕು. ಮುಖ ಬೆಳ್ಳಗಾಗಲೆಂದು ಅಂಗಡಿಯಿಂದ ನೇರವಾಗಿ ತಂದು ಹಚ್ಚುವ ಸ್ಟೀರಾಯ್ಡ್ ಮುಲಾಮುಗಳ ಹಾವಳಿ ಕಂಡು, ಅಂತಹ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ಆಜ್ಞೆ ಹೊರಡಿಸಿತು. ವೈದ್ಯರೇ ಕೊಟ್ಟ ಸ್ಟೀರಾಯ್ಡನ್ನು ಬಹುದಿನ ತೆಗೆದುಕೊಂಡವರು ಹೆದರಿ ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ. ದೇಹವು ತನ್ನ ಸ್ವಂತ ತಯಾರಿಕೆಯನ್ನು ಮರೆತಿರುತ್ತದೆ. ವೈದ್ಯರ ಸಲಹೆಯಂತೆ ಹಂತಹಂತವಾಗಿ ತಗ್ಗಿಸಬೇಕಾಗುತ್ತದೆ.

ಸೋಯಾ ಬಂದದ್ದರಿಂದ ಕಾಡುಗೆಣಸು ಪಾರಾಯಿತೆಂದು ನಿಟ್ಟುಸಿರು ಬಿಡುವಂತೆಯೂ ಇಲ್ಲ. ಚೀನಾ ದೇಶವು ತನ್ನ ಹಳದಿ ಗೆಣಸನ್ನು ಬೆಳೆದು ಡಯಾಸ್ಜೆನಿನ್ ತೆಗೆಯುವ ಉದ್ಯಮವನ್ನು ಬಹುಕಾಲ ನಡೆಸಿತು. ಗೆಣಸನ್ನು ಆಮ್ಲದಲ್ಲಿ ಕುದಿಸಿದ ಮೇಲೆ ಉಳಿಯುವ ಕಪ್ಪುನೀರು ಹುಬೈ, ಷಾನ್ಸಿ ಪ್ರಾಂತಗಳ ಹೊಳೆಗಳನ್ನು ಸೇರಿ, ಬೀಜಿಂಗಿಗೆ ನೀರು ಒಯ್ಯುವ ದಾನ್‌ಜಿಯಾಂಗ್‌ಕೋ ಜಲಾಶಯದ ಮೇಲ್ಗಡೆಯ ಅನೇಕ ಘಟಕಗಳನ್ನು ಮುಚ್ಚಿಸಬೇಕಾಯಿತು. ಔಷಧ ಸಸ್ಯಜನ್ಯವಾದ ಮಾತ್ರಕ್ಕೆ ಅದರ ಕಾರ್ಖಾನೆ ನಿರ್ಮಲವಾಗಿರುವುದಿಲ್ಲ. ತುಂಗಭದ್ರೆಯ ದಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಥೆ ಸಹ್ಯಾದ್ರಿಯನ್ನು ತಲಪಿದ ದಾರಿ ವಿಚಿತ್ರವಾದದ್ದು. ಕಾರ್ಟಿಸೋನಿಗೆ ಬೇಡಿಕೆ ಏರಿದ 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆ, ಸ್ಟೀರಾಯ್ಡಿನ ಚೌಕಟ್ಟು ಇರುವ ಮತ್ತಾವ ಸಸ್ಯ ಇದ್ದೀತೆಂದು ಜಗತ್ತಿನ ಸಾವಿರಾರು ಸಸ್ಯಗಳನ್ನು ಪರೀಕ್ಷಿಸಿತು. ಆ ಕೆಲಸ ಮಾಡುತ್ತಿದ್ದವನು ಮನ್ರೋ ವಾಲ್. ಅವನು ಕೂಡಿಟ್ಟ ಸಸ್ಯಸಾರಗಳಲ್ಲಿ ಸಾವಿರದಷ್ಟನ್ನು ಕ್ಯಾನ್ಸರ್ ಸಂಶೋಧಕರು ಕೇಳಿ ಪಡೆದು ಪರೀಕ್ಷಿಸಿದಾಗ, ಚೀನಾ ಮೂಲದ ಮರವೊಂದರ ಸಾರ ಗಂತಿಗಳ ಬೆಳವಣಿಗೆಯನ್ನು ತಡೆಯುವುದು ಕಂಡುಬಂದಿತು. ಅದರಲ್ಲಿರುವ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವಿನ ರಚನೆಯನ್ನು ವಾಲ್ ಮತ್ತು ಭಾರತ ಮೂಲದ ಮನ್ಸುಖ್ ವಾನಿ 1966ರಲ್ಲಿ ಪ್ರಕಟಿಸಿದರು. ಅದು ಸ್ಟೀರಾಯ್ಡ್ ಅಲ್ಲ, ಕ್ಷಾರಕ; ಸ್ಟೀರಾಯ್ಡನ್ನು ಅರಸಿ ಹೊರಟವರಿಗೆ ಎಡವಿದ ಕಾಲಿಗೆ ಸಿಕ್ಕ ನಿಧಿ. 1972ರಲ್ಲಿ ಮುಂಬಯಿಯ ಪ್ರಯೋಗಾಲಯದಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ಪಶ್ಚಿಮ ಘಟ್ಟದ ಒಂದು ಚಿಕ್ಕ ಮರದಲ್ಲಿ ಇನ್ನೂ ಹೆಚ್ಚಾಗಿದೆಯೆಂದು ತೋರಿಸಿದರು. ಆ ಮರವೇ ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಕಾಡುಗಳಲ್ಲಿರುವ ದುರ್ವಾಸನೆ ಮರ, ಮರಾಠಿಯಲ್ಲಿ ನರಕ್ಯಾ. ಹೂವಿನ ನಾತಕ್ಕೆ ಹೆಸರು ಪಡೆದು, ಸೌದೆಗೂ ಯಾರೂ ಮೂಸದೆ ಬಿಟ್ಟಿದ್ದ ಮರ.

ಅದರಿಂದ ತಯಾರಾದ ಇರಿನೊಟೆಕಾನ್, ಟೊಪೊಟೆಕಾನ್ ಔಷಧಗಳಿಗೆ 1996ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಕರುಳಿನ, ಅಂಡಾಶಯದ ಕ್ಯಾನ್ಸರಿನಿಂದ ನರಳುವವರಿಗೆ ಇವು ನಿಜವಾಗಿಯೂ ಉಪಯುಕ್ತ. ಅತ್ತ ಔಷಧಕ್ಕೆ ಬೆಲೆ ಬಂದಂತೆ ಇತ್ತ ಮಹಾರಾಷ್ಟ್ರ, ಕರ್ನಾಟಕಗಳ ಘಟ್ಟದಲ್ಲಿ ಮರಕ್ಕೆ ಕೊಡಲಿ ಬಿದ್ದಿತು. ಒಣ ತೂಕದ ನೂರರಲ್ಲಿ ಅರ್ಧ ಭಾಗಕ್ಕೂ ಕಡಿಮೆಯಿರುವ ವಸ್ತುವಿಗಾಗಿ ಕಾಂಡವನ್ನಷ್ಟೇ ಅಲ್ಲ, ಬೇರನ್ನೂ ಕಿತ್ತು ಚೂರು ಮಾಡಿ ಚೀಲಗಳಲ್ಲಿ ತುಂಬಿ ವಿದೇಶಕ್ಕೆ ಸಾಗಿಸಲಾಯಿತು. ಬುಡ ಉಳಿಸಿ ಕಡಿದರೆ ಚಿಗುರುವ ಮರವದು; ಬೇರು ಸಹಿತ ಕಿತ್ತರೆ ಮತ್ತೇನು ಉಳಿಯುತ್ತದೆ? ಕೆಲವೇ ವರ್ಷಗಳಲ್ಲಿ ಅದು ಅಪಾಯಕ್ಕೊಳಗಾದ ಸಸ್ಯಗಳ ಪಟ್ಟಿ ಸೇರಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯದವರೂ ಬೆಂಗಳೂರಿನ ವಿಜ್ಞಾನಿಗಳೂ ಈ ಮರ ಎಲ್ಲೆಲ್ಲಿ ಉಳಿದಿದೆ, ಯಾವ ಕಾಡಿನ ಮರದಲ್ಲಿ ಔಷಧಾಂಶ ಹೆಚ್ಚು ಎಂದು ಹುಡುಕಿದ್ದಾರೆ. ಮರದೊಳಗೆ ವಾಸಿಸುವ ಶಿಲೀಂಧ್ರವೂ ಅದೇ ವಸ್ತುವನ್ನು ತಯಾರಿಸಬಲ್ಲದೆಂದು 2005ರಲ್ಲಿ ಜಮ್ಮುವಿನ ಸಂಶೋಧಕರು ತೋರಿಸಿದ್ದಾರೆ. ಮುಂದೆಂದಾದರೂ ಅದು ಹುದುಗು ತೊಟ್ಟಿಯಲ್ಲಿ ಹೇರಳವಾಗಿ ತಯಾರಾದರೆ ಮರ ಉಳಿದೀತು. ಆದರೆ ಚೂರು ಮಾಡಿದ ಕೈಗಳಿಗೆ ಅದರಿಂದ ಬರುವುದೇನೂ ಇಲ್ಲ. ಬಾರ್ಬಾಸ್ಕೋದ ಲೆಕ್ಕವೇ ಮತ್ತೊಮ್ಮೆ.

ಕಳೆದ ಶತಮಾನದ ಕೊನೆಯಲ್ಲಿ ಉಪ್ಪಾಗೆಯ ಸರದಿ ಬಂದಿತ್ತು. ಮೈ ಕರಗಿಸುವ ಔಷಧಕ್ಕೆಂದು ಸಿಪ್ಪೆಗೆ ಬೆಲೆ ಏರಿದಾಗ ಶಿರಸಿ, ಸಿದ್ದಾಪುರದ ಕಡೆ ಹಣ್ಣಾಗುವ ಮೊದಲೇ ಕಾಯಿ ಕೊಯ್ದು, ಕೊಂಬೆಯನ್ನೇ ಸವರಿ, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಗಾಡಿಗಟ್ಟಲೆ ಸೌದೆ ಸುಟ್ಟದ್ದು ಹಳಬರ ನೆನಪಿನಲ್ಲಿದೆ. ಆಗ ಕೊಯ್ದವರು ಕಳ್ಳರೇನಲ್ಲ; ಈ ಮರದ ಕಾಯಿ ತಾನು ಬಿಟ್ಟರೆ ಮತ್ತೊಬ್ಬ ಕೊಯ್ಯುತ್ತಾನೆಂಬ ಆತಂಕ ಅವರದು. ಕಾಡಿನ ಮೇಲೆ ಊರಿಗೆ ಒಟ್ಟಾದ ಹಕ್ಕಿಲ್ಲದಲ್ಲಿ ಆ ಆತಂಕ ಸಹಜ.

ಹಕ್ಕಿನ ಪ್ರಶ್ನೆ ಬಂದಾಗ ಧಾರವಾಡದ ನೆಲದ ಒಂದು ನೆನಪನ್ನು ತೆಗೆಯದಿರಲಾಗದು. ಹಳ್ಳಿಗಳ ಗೋಮಾಳ, ಕಾವಲುಗಳನ್ನು ನಾರಿನ ಕಾರ್ಖಾನೆಗಾಗಿ ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ಸ್ ಕಂಪೆನಿಗೆ ಕೊಡಲು 1984ರಲ್ಲಿ ಸರಕಾರ ಮುಂದಾದಾಗ, ಸಮಾಜ ಪರಿವರ್ತನ ಸಮುದಾಯ ಹಾಗೂ ರೈತರು ಎದ್ದುನಿಂತರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿಯ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಎಂದು ಹೆಸರಾದ ಆ ಸತ್ಯಾಗ್ರಹದ ಫಲವಾಗಿ 1991ರಲ್ಲಿ ಆ ಕಂಪೆನಿಯೇ ಮುಚ್ಚಿತು. ಅಂದು ಜನರ ಕೈಯಲ್ಲಿ ಕಾನೂನು ಇರಲಿಲ್ಲ. ಇಂದು ಇದೆ, ಆದರೆ ಅದನ್ನು ಬಳಸುವವರು ವಿರಳ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ತನ್ನ ವ್ಯಾಪ್ತಿಯಲ್ಲಿ ವ್ಯಾಪಾರಕ್ಕೆಂದು ಗೆಡ್ಡೆ, ತೊಗಟೆ, ಕಾಯಿ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರ ಅದಕ್ಕಿದೆ. 2006ರ ಅರಣ್ಯ ಹಕ್ಕು ಕಾಯಿದೆಯು ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಔಷಧಿ ಸಸ್ಯ, ಬೇರು, ಗೆಡ್ಡೆಗಳನ್ನು ಹೆಸರಿಸಿಯೇ ಹೇಳಿ, ಅವುಗಳ ಮೇಲೆ ಅರಣ್ಯವಾಸಿಗಳಿಗೆ ಒಡೆತನ ಕೊಟ್ಟಿದೆ. ದೇಶೀಯ ಕಂಪೆನಿಗಳೂ ಲಾಭದ ಪಾಲು ಕೊಡಲೇಬೇಕೆಂದು 2018ರ ಡಿಸೆಂಬರಿನಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯ ದಿವ್ಯ ಫಾರ್ಮಸಿಯ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ಅನಂತರ ಬಂದ 2023ರ ತಿದ್ದುಪಡಿ ಈ ಬಾಗಿಲನ್ನು ಅರ್ಧ ಮುಚ್ಚಿದೆ. ಬೆಳೆಸಿದ ಔಷಧಿ ಸಸ್ಯಗಳಿಗೆ ಲಾಭ ಹಂಚಿಕೆಯ ಕಟ್ಟುಪಾಡಿನಿಂದ ವಿನಾಯಿತಿ ದೊರೆಯಿತು. ಬೆಳೆಸಿದ್ದೆಂದು ಮೂಲ ಪ್ರಮಾಣಪತ್ರ ಕೊಡಬೇಕಾದದ್ದು ಅದೇ ಹಳ್ಳಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ. ಇದರ ಅರ್ಥವನ್ನು ಹಳ್ಳಿಯ ಮುಖಂಡರು ಸರಿಯಾಗಿ ಗ್ರಹಿಸಬೇಕು. ಕಾಡಿನಿಂದ ಅಗೆದ ಮಾಲನ್ನು ತೋಟದಲ್ಲಿ ಬೆಳೆದದ್ದೆಂದು ತೋರಿಸಲು ಬಯಸುವ ವ್ಯಾಪಾರಿಗೆ ಬೇಕಾಗುವುದು ಸಮಿತಿಯ ಒಂದು ಮೊಹರು. ಸಮಿತಿಯ ಸದಸ್ಯರಿಗೆ ತಾವು ಸದಸ್ಯರೆಂಬುದೇ ಗೊತ್ತಿಲ್ಲದ ಊರಿನಲ್ಲಿ ಆ ಮೊಹರು ಯಾರ ಕೈಯಲ್ಲಿರುತ್ತದೆಂದು ಊಹಿಸುವುದು ಕಷ್ಟವಲ್ಲ.

ಘಟ್ಟದ ಉಣ್ಣುವ ಗೆಣಸುಗಳಲ್ಲಿ ಔಷಧ ಉದ್ಯಮಕ್ಕೆ ಬೇಕಾಗುವಷ್ಟು ಡಯಾಸ್ಜೆನಿನ್ ಇಲ್ಲ. ಆ ಮಟ್ಟಿಗೆ ಹೆಗ್ಗೆಣಸು, ನೂರೆಗೆಣಸುಗಳು ಬಚಾವಾಗಿವೆ. ಜೋಯಿಡಾದ ಕುಣಬಿಗಳು ಇಂತಹ ಗೆಡ್ಡೆಗಳನ್ನು ಹಿತ್ತಲಲ್ಲಿ ತಲೆಮಾರುಗಳಿಂದ ಕಾಪಾಡಿಕೊಂಡು ಬಂದು, ಈಚಿನ ವರ್ಷಗಳಲ್ಲಿ ಗೆಡ್ಡೆ ಗೆಣಸು ಮೇಳವನ್ನೂ ನಡೆಸುತ್ತ ಬಂದಿದ್ದಾರೆ. ಗೆಡ್ಡೆ ಅಗೆದು ಬಳ್ಳಿಯ ತಲೆಭಾಗವನ್ನು ಅದೇ ಕುಳಿಯಲ್ಲಿ ಊರಿ ಮಣ್ಣು ಮುಚ್ಚಿ ಬರುವ ಪದ್ಧತಿ ಕಾಡನ್ನು ನೆಚ್ಚಿ ಬದುಕಿದವರದು. ಆದರೆ ಒದ್ದೆ ನೆಲದಲ್ಲಿ ಬೆಳೆಯುವ ಚಂಗಲಕೋಷ್ಠದ ಗೆಡ್ಡೆಯಲ್ಲಿ ಡಯಾಸ್ಜೆನಿನ್ ಇರುವುದು 1970ರ ದಶಕದಿಂದಲೇ ವಿಜ್ಞಾನಿಗಳಿಗೆ ತಿಳಿದಿದೆ. ಹಿರೇಮದ್ದಿನ ಬೇರಿನ ವಿಥನೊಲೈಡುಗಳೂ ಸ್ಟೀರಾಯ್ಡ್ ಮನೆತನದವೇ. ಅದಕ್ಕೆ ಇಂದು ವಿದೇಶದಲ್ಲಿ ಭಾರಿ ಬೇಡಿಕೆಯಿದೆ. ನಾಳೆ ಯಾವ ಬಳ್ಳಿಯ ಸರದಿಯೋ ಹೇಳಲಾಗದು. ತಕ್ಕಡಿ ಹಿಡಿದು ಬಂದವನನ್ನು ಕೇಳಬೇಕಾದ ಪ್ರಶ್ನೆಗಳನ್ನು ಮೊದಲೇ ಯೋಚಿಸಿಡುವುದು ಲೇಸು: ಇದಕ್ಕೆ ಶಾಸ್ತ್ರೀಯ ಹೆಸರೇನು, ಎಷ್ಟು ಬೇಕು, ಯಾವ ಊರಿನ ಯಾವ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿ ಏನಾಗುತ್ತದೆ, ಸಮಿತಿಗೆ ತಿಳಿಸಿದ್ದೀರಾ. ಉತ್ತರ ಕೊಡಲಾರದವನಿಗೆ ಗೆಡ್ಡೆ ಕೊಡಬೇಕಾದ ಅಗತ್ಯವಿಲ್ಲ.

ರಾಜ್ಯದಲ್ಲಿ ಔಷಧಿ ಸಸ್ಯಗಳಿಗೆಂದೇ ಅರಣ್ಯ ಇಲಾಖೆ 1990ರ ದಶಕದಲ್ಲಿ ಗುರುತಿಸಿದ ಸಂರಕ್ಷಣಾ ಪ್ರದೇಶಗಳು 13. ಶಿರಸಿ ಕುಮಟಾ ನಡುವಿನ ದೇವಿಮನೆಯೂ ಅವುಗಳಲ್ಲಿ ಒಂದು. ಉಳಿದ ಕಾಡಿನ ವಿವರ ಇರಬೇಕಾದದ್ದು ಪಂಚಾಯತಿಯ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಹಾಕಿದಾಗ ದೇಶದೆಲ್ಲೆಡೆ ಈ ಪುಸ್ತಕಗಳನ್ನು ತರಾತುರಿಯಲ್ಲಿ ತುಂಬಲಾಯಿತು. ನೆರೆಯೂರಿನ ಪುಸ್ತಕವನ್ನೇ ನಕಲು ಮಾಡಿದರೆ ಅದರಲ್ಲಿ ಇಲ್ಲಿಯ ಗೆಣಸಿನ ಹೆಸರು ಇರುವುದಾದರೂ ಹೇಗೆ? ಪುಸ್ತಕವನ್ನು ತೆಗೆಸಿ ನೋಡುವುದು, ಅಜ್ಜಿಯರ ಬಾಯಲ್ಲಿರುವ ಹೆಸರುಗಳನ್ನು ಅದರಲ್ಲಿ ಸೇರಿಸುವುದು ಕಾಲೇಜು ವಿದ್ಯಾರ್ಥಿಗಳಿಂದ ಆಗಬಹುದಾದ ಕೆಲಸ. ಗೆಣಸಿನ ಜಾತಿಯನ್ನು ಎಲೆ ನೋಡಿ ಗುರುತಿಸಬೇಕು. ಬಳ್ಳಿ ಎಡಕ್ಕೆ ಸುತ್ತಿದೆಯೋ ಬಲಕ್ಕೋ ಎಂಬುದನ್ನೂ ಗಮನಿಸಬೇಕು. ದೀಪಾವಳಿ ಕಳೆದು ಚಳಿ ಬಲಿತರೆ ಎಲೆ ಹಣ್ಣಾಗಿ ಉದುರಿ, ನೆಲದ ಮೇಲೆ ಒಣಗಿದ ಎಳೆಯಷ್ಟೇ ಉಳಿಯುತ್ತದೆ. ಆದ್ದರಿಂದ ಈ ಕೆಲಸಕ್ಕೆ ಭಾದ್ರಪದ, ಆಶ್ವಯುಜ ಮಾಸಗಳೇ ಸರಿಯಾದ ಕಾಲ.